ಚೆಂಡು ಹಿಡಿದವನದೇ

ಕ್ರಿಕೆಟ್ ಪಂದ್ಯದಲ್ಲಿ ಸಿಕ್ಸರ್ ಹೊಡೆತವೊಂದು ಗ್ಯಾಲರಿಗೆ ಬಂದು ಬಿದ್ದರೆ ಏನಾಗುತ್ತದೆಂಬುದು ನಮಗೆಲ್ಲ ಗೊತ್ತು. ಹಿಡಿದವನು ಚೆಂಡನ್ನೊಮ್ಮೆ ಮೇಲೆತ್ತಿ ತೋರಿಸಿ, ಟಿ.ವಿ. ಕ್ಯಾಮೆರಾ ತನ್ನತ್ತ ತಿರುಗಿದೆಯೇ ಎಂದು ನೋಡಿಕೊಂಡು, ಮೈದಾನಕ್ಕೆ ಎಸೆದುಬಿಡುತ್ತಾನೆ. ಚೆಂಡು ಹಳತಾಗುವುದೂ ಕ್ರಿಕೆಟ್ಟಿನಲ್ಲಿ ಆಟದ ಒಂದು ಭಾಗ. ಹಾಗಾಗಿ ಅದು ಮರಳಲೇಬೇಕು. ಅಮೆರಿಕದ ಬೇಸ್‌ಬಾಲ್ ಮೈದಾನದಲ್ಲಿ ಹೀಗಲ್ಲ. ಅಲ್ಲಿ ಗ್ಯಾಲರಿಗೆ ಬಂದ ಚೆಂಡು ಹಿಡಿದವನದೇ. ಜೇಬಿಗಿಳಿಸಿಕೊಂಡು ಮನೆಗೆ ಹೋಗಬಹುದು. ಶಾಲೆಯ ಹುಡುಗರಿಂದ ಹಿಡಿದು ತಲೆ ನರೆತವರವರೆಗೆ ಎಷ್ಟೋ ಮಂದಿ ಕೈಗೆ ಚರ್ಮದ ಗವಸು ತೊಟ್ಟು ಪಂದ್ಯ ನೋಡಲು ಬರುವುದು ಇದೇ ಆಸೆಯಿಂದ.

ಈ ಹಕ್ಕಿನ ಕಥೆ ಹೇಳಲು ತಕ್ಕ ಜಾಗ ಷಿಕಾಗೋ ನಗರದ ರಿಗ್ಲಿ ಫೀಲ್ಡ್. ಷಿಕಾಗೋ ಕಬ್ಸ್ ತಂಡದ ಈ ಮೈದಾನ ಕಟ್ಟಿದ್ದು 1914ರಲ್ಲಿ. ದೊಡ್ಡ ಲೀಗ್‌ಗಳ ಮೈದಾನಗಳ ಪೈಕಿ ಬಾಸ್ಟನ್ನಿನ ಫೆನ್‌ವೇ ಪಾರ್ಕ್ ಒಂದೇ ಇದಕ್ಕಿಂತ ಹಳೆಯದು. ಕಂಬಗಳ ಮೇಲಿನ ಹಳಿಯಲ್ಲಿ ಓಡುವ ರೈಲಿನಿಂದ ಆಡಿಸನ್ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಮೈದಾನ. ಸುತ್ತ ಸಾಮಾನ್ಯ ವಾಸದ ಬೀದಿಗಳು. ಬೀದಿಯಾಚೆಯ ಮನೆಗಳ ತಾರಸಿಯ ಮೇಲೂ ಆಸನ ಹಾಕಿ ಟಿಕೆಟ್ ಮಾರುತ್ತಾರೆ! ಮೈದಾನದ ಅಂಚಿನ ಇಟ್ಟಿಗೆ ಗೋಡೆಯ ತುಂಬ 1937ರಲ್ಲಿ ನೆಟ್ಟ ಐವಿ ಬಳ್ಳಿ. ಚೆಂಡು ಬಳ್ಳಿಯಲ್ಲಿ ಸಿಕ್ಕಿಕೊಂಡರೆ ಫೀಲ್ಡರ್ ಎರಡೂ ಕೈ ಎತ್ತಿ ನಿಲ್ಲುತ್ತಾನೆ. ಹೊಡೆದವನಿಗೆ ಎರಡು ಬೇಸ್ ಮಾತ್ರ. ಅದೇ ವರ್ಷದ ಸ್ಕೋರ್ ಬೋರ್ಡಿನಲ್ಲಿ ಅಂಕಿಗಳ ಹಲಗೆಗಳನ್ನು ಇಂದಿಗೂ ಒಳಗೆ ಕುಳಿತವರು ಕೈಯಿಂದಲೇ ಬದಲಿಸುತ್ತಾರೆ. ವಿದ್ಯುದ್ದೀಪ ಬಂದದ್ದು 1988ರಲ್ಲಿ. ಅಲ್ಲಿಯವರೆಗೆ ಎಲ್ಲ ಪಂದ್ಯಗಳೂ ಹಗಲಿನಲ್ಲೇ. ಆಗಸ್ಟ್ 8ರಂದು ದೀಪ ಹಚ್ಚಿ ಆಡಿದ ಮೊದಲ ಪಂದ್ಯ ಮಳೆಗೆ ಕೊಚ್ಚಿಹೋಯಿತು. ದೀಪ ಬೇಡವೆಂದು ಹೋರಾಡಿದ್ದ ನೆರೆಹೊರೆಯವರಿಗೆ ಆ ರಾತ್ರಿ ಒಳ್ಳೆಯ ನಿದ್ರೆ ಬಂದಿರಬೇಕು.

ಹೊಡೆತಗಾರನ ನಿಲುವಿನಿಂದ ಎರಡು ಗೆರೆಗಳು ಸಮಕೋನದಲ್ಲಿ ಹೊರಡುತ್ತವೆ. ಅವುಗಳ ನಡುವೆ ಬಿದ್ದ ಹೊಡೆತಕ್ಕಷ್ಟೇ ಬೆಲೆ. ಆಚೆ ಹೋದದ್ದು ಫೌಲ್. ಬೇಸ್‌ಬಾಲಿನ ದಾಂಡು ಉರುಟಾದ ಕೋಲಾದ್ದರಿಂದ ಚೆಂಡು ಅದರ ಅಂಚಿಗೆ ತಗುಲಿ ಗ್ಯಾಲರಿಗೆ ಹಾರುವುದು ಪದೇ ಪದೇ ಆಗುವಂಥದ್ದು. ಹಿಂದೆ ಇಂಥ ಚೆಂಡನ್ನು ಹಿಂತಿರುಗಿಸಬೇಕಿತ್ತು. ಕೊಡದಿದ್ದರೆ ಮೈದಾನದ ಕಾವಲುಗಾರರಿಗೂ ಪ್ರೇಕ್ಷಕರಿಗೂ ಕೈ ಕೈ ಮಿಲಾಯಿಸುತ್ತಿತ್ತು. ಈ ರಗಳೆ ಸಾಕಾಗಿ 1916ರಲ್ಲಿ ಕಬ್ಸ್ ತಂಡದ ಒಡೆಯ ಚಾರ್ಲ್ಸ್ ವೀಗ್‌ಮನ್, ಚೆಂಡು ಹಿಡಿದವರೇ ಇಟ್ಟುಕೊಳ್ಳಲಿ ಎಂದುಬಿಟ್ಟ. ಬೇರೆಯವರು ಅಷ್ಟು ಉದಾರಿಗಳಾಗಿರಲಿಲ್ಲ. 1921ರಲ್ಲಿ ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್ ಮೈದಾನದಲ್ಲಿ ಚೆಂಡು ಕೊಡಲೊಪ್ಪದ ಒಬ್ಬನನ್ನು ಹೊರದಬ್ಬಿದರು. ಆತ ನ್ಯಾಯಾಲಯಕ್ಕೆ ಹೋಗಿ 100 ಡಾಲರ್ ಪರಿಹಾರ ಪಡೆದ.

ಇದರ ಹಿಂದೆ ಒಂದು ಸಾವಿನ ನೆರಳೂ ಇದೆ. 1920ರ ಆಗಸ್ಟ್‌ನಲ್ಲಿ ಕ್ಲೀವ್‌ಲೆಂಡ್ ತಂಡದ ರೇ ಚಾಪ್‌ಮನ್ ಎಂಬ ಆಟಗಾರ ತಲೆಗೆ ಚೆಂಡು ಬಡಿದು ಮಡಿದ. ಆ ದಿನಗಳಲ್ಲಿ ಮಣ್ಣು, ಎಂಜಲು ಮೆತ್ತಿದ ಒಂದೇ ಚೆಂಡನ್ನು ಬಹು ಹೊತ್ತು ಆಡಿಸುತ್ತಿದ್ದರು. ಸಂಜೆಯ ಮಬ್ಬಿನಲ್ಲಿ ಅದು ಕಣ್ಣಿಗೆ ಕಾಣುತ್ತಿರಲಿಲ್ಲ. ಆಮೇಲೆ ಕೊಳೆಯಾದ ಚೆಂಡನ್ನು ಕೂಡಲೇ ಬದಲಿಸುವ ವಾಡಿಕೆ ಬಲವಾಯಿತು. ಇಂದು ಒಂದೊಂದು ಪಂದ್ಯಕ್ಕೆ ನೂರಕ್ಕೂ ಮಿಕ್ಕಿ ಚೆಂಡು ಬೇಕು. ಅಷ್ಟು ಖರ್ಚಾಗುವಾಗ ಗ್ಯಾಲರಿಗೆ ಹೋದ ಕೆಲವಕ್ಕೆ ಜಗಳವಾಡುವವರು ಯಾರು?

ಚೆಂಡೇನೋ ಪುಕ್ಕಟೆ, ಅದರ ಜತೆಗೆ ಬರುವ ಅಪಾಯವೂ ಪ್ರೇಕ್ಷಕನದೇ. ಪೆಟ್ಟಾದರೆ ಹೊಣೆ ನಮ್ಮದಲ್ಲವೆಂದು ಟಿಕೆಟ್ಟಿನ ಮೇಲೆಯೇ ಮುದ್ರಿಸಿರುತ್ತಾರೆ. ನ್ಯಾಯಾಲಯಗಳೂ ಬಹುಕಾಲ ಇದನ್ನೇ ಎತ್ತಿಹಿಡಿದಿವೆ. ಗಂಟೆಗೆ 160 ಕಿ.ಮೀ. ಮೀರಿದ ವೇಗದಲ್ಲಿ ಬರುವ ಫೌಲ್ ಹೊಡೆತಕ್ಕೆ ಗವಸು ಒಡ್ಡುವಷ್ಟು ವ್ಯವಧಾನ ಎಲ್ಲರಿಗೂ ಇರುವುದಿಲ್ಲ. 2018ರಲ್ಲಿ ಲಾಸ್ ಏಂಜಲೀಸಿನಲ್ಲಿ ವೃದ್ಧೆಯೊಬ್ಬರು ತಲೆಗೆ ಪೆಟ್ಟು ಬಿದ್ದು ಕೆಲವು ದಿನಗಳಲ್ಲಿ ತೀರಿಕೊಂಡರು. 2020ರ ಹೊತ್ತಿಗೆ ದೊಡ್ಡ ಲೀಗಿನ 30 ಮೈದಾನಗಳೂ ರಕ್ಷಣೆಯ ಬಲೆಯನ್ನು ಮೊದಲಿಗಿಂತ ಉದ್ದಕ್ಕೆ ಕಟ್ಟಲು ಒಪ್ಪಿದವು. ಬಲೆಯ ಹಿಂದೆ ಕುಳಿತರೆ ಚೆಂಡು ಸಿಗದೆಂದು ಗೊಣಗಿದವರಿಗೆ ನನ್ನ ಅನುಕಂಪವಿಲ್ಲ.

ರಿಗ್ಲಿ ಫೀಲ್ಡಿನದೇ ಆದ ಇನ್ನೊಂದು ಪದ್ಧತಿಯುಂಟು. ಬಳ್ಳಿಯ ಗೋಡೆಯ ಮೇಲುಗಡೆ ಬ್ಲೀಚರ್ಸ್ ಎಂಬ ಸೂರಿಲ್ಲದ ಬೆಂಚುಗಳಿವೆ. ಬಿಸಿಲಿಗೆ ಬಿಳುಚಿದ ಹಲಗೆಗಳಿಂದ ಬಂದ ಹೆಸರದು. ಎದುರಾಳಿ ಹೊಡೆದ ಹೋಂ ರನ್ ಅಲ್ಲಿ ಬಂದು ಬಿದ್ದರೆ ಹಿಡಿದವನು ಅದನ್ನು ಇಟ್ಟುಕೊಳ್ಳುವಂತಿಲ್ಲ. ಸುತ್ತಲಿನವರು ‘ಎಸೆ, ಎಸೆ’ ಎಂದು ಕೂಗಿ ಕೂಗಿ ಮೈದಾನಕ್ಕೆ ವಾಪಸು ಎಸೆಸುತ್ತಾರೆ. ಶತ್ರುವಿನ ಚೆಂಡು ನಮಗೆ ಬೇಡವೆಂಬ ಸ್ವಾಭಿಮಾನ. ಜಾಣರು ಚೀಲದಲ್ಲಿ ಬೇರೊಂದು ಹಳೆಯ ಚೆಂಡು ತಂದು ಅದನ್ನೆಸೆದು, ಅಸಲಿಯನ್ನು ಮನೆಗೊಯ್ಯುತ್ತಾರಂತೆ.

ಬರಿದೇ ನೋಡುವುದಕ್ಕೆ ಬರುವ ಜನ ಇವರಲ್ಲ. ಕೆಲವರು ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಒಂದೊಂದು ಎಸೆತದ ಫಲವನ್ನೂ ಅಂಕಿ, ಅಕ್ಷರಗಳಲ್ಲಿ ಬರೆದುಕೊಳ್ಳುತ್ತಾರೆ. ಈ ಬರಹಕ್ಕೆ ರೂಪ ಕೊಟ್ಟವರಲ್ಲಿ ಮುಖ್ಯನಾದ ಹೆನ್ರಿ ಚ್ಯಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿದವನು, ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವನು ಎಂಬುದು ನಮಗೆ ಕುತೂಹಲದ ಸಂಗತಿ. ಏಳನೆಯ ಇನ್ನಿಂಗ್ಸ್ ನಡುವೆ ಎಲ್ಲರೂ ಎದ್ದು ಮೈ ಮುರಿದು, 1908ರ ಒಂದು ಹಳೆಯ ಬೇಸ್‌ಬಾಲ್ ಹಾಡು ಹಾಡುತ್ತಾರೆ. ವೀಕ್ಷಕ ವಿವರಣೆಕಾರ ಹ್ಯಾರಿ ಕೇರಿ 1982ರಿಂದ ಇಲ್ಲಿ ಕಿಟಕಿಯಾಚೆ ಮೈಕು ಚಾಚಿ, ಅಪಸ್ವರದಲ್ಲೇ, ಸಾವಿರಾರು ಜನರನ್ನು ಹಾಡಿಸುತ್ತಿದ್ದ. 1998ರಲ್ಲಿ ಅವನು ತೀರಿಕೊಂಡ ಮೇಲೆ ಅತಿಥಿಗಳು ಹಾಡಿಸುತ್ತಾರೆ.

ಆ ಹಾಡು ಹುಟ್ಟಿದ 1908ರಲ್ಲೇ ಕಬ್ಸ್ ತಂಡ ವರ್ಲ್ಡ್ ಸೀರೀಸ್ ಗೆದ್ದಿತ್ತು. ಆಮೇಲೆ ಗೆಲ್ಲಲಿಲ್ಲ. ಆ ಹಂತ ತಲುಪಿದ್ದೂ 1945ರಲ್ಲೇ ಕೊನೆ. ಮೇಕೆಯ ಶಾಪವೆಂದೊಂದು ಕಥೆ ಇದೆ. ಇಲ್ಲಿ ಅದು ಬೇಡ. 2003ರ ಅಕ್ಟೋಬರ್ 14ರ ರಾತ್ರಿ ಫ್ಲಾರಿಡಾ ತಂಡದೆದುರು ಎಂಟನೆಯ ಇನ್ನಿಂಗ್ಸ್. ಕಬ್ಸ್ 3-0 ಮುಂದಿದೆ. ಇನ್ನು ಐದೇ ಔಟು, ವರ್ಲ್ಡ್ ಸೀರೀಸ್ ಕೈಗೆ. ಆಗ ಎಡಗಡೆಯ ಗೆರೆಯಾಚೆ ಒಂದು ಫೌಲ್ ಮೇಲೆದ್ದಿತು. ಹಿಡಿಯಲು ಮೊಯ್ಸೆಸ್ ಅಲೂ ಗೋಡೆಯ ಬಳಿ ಜಿಗಿದ. ಗ್ಯಾಲರಿಯಿಂದಲೂ ಹಲವು ಕೈಗಳು ಚಾಚಿದವು. ಚೆಂಡು ತಗುಲಿದ್ದು, ಕಿವಿಗೆ ರೇಡಿಯೋ ಹಾಕಿಕೊಂಡಿದ್ದ ಒಬ್ಬ ಯುವಕನ ಕೈಗೆ. ಅಲೂ ಗವಸು ನೆಲಕ್ಕೆ ಕುಕ್ಕಿ ಕೂಗಾಡಿದ.

ಚೆಂಡು ಗ್ಯಾಲರಿಯ ಪಾಲಾಗಿತ್ತೆಂದು ಅಂಪೈರ್ ತೀರ್ಪಿತ್ತ. ಅಂದರೆ, ವೀಗ್‌ಮನ್ ಕಾಲದ ವಾಡಿಕೆಯಂತೆ ಅದು ಹಿಡಿದವನದೇ. ಸ್ವಲ್ಪ ಹೊತ್ತಿಗೆ ಕಬ್ಸ್ ಆಟಗಾರನೊಬ್ಬ ನೆಲದ ಮೇಲೆ ಬಂದ ಸುಲಭದ ಚೆಂಡನ್ನು ಕೈಬಿಟ್ಟ. ಫ್ಲಾರಿಡಾ ಆ ಒಂದೇ ಇನ್ನಿಂಗ್ಸಿನಲ್ಲಿ 8 ರನ್ ಗಳಿಸಿತು. ಮರುದಿನದ ನಿರ್ಣಾಯಕ ಪಂದ್ಯವನ್ನೂ ಕಬ್ಸ್ ಸೋತಿತು. ಆದರೆ ಜನರ ಸಿಟ್ಟೆಲ್ಲ ತಿರುಗಿದ್ದು ಆ ಯುವಕನ ಮೇಲೆ. ಬೈಗುಳ, ಬಿಯರಿನ ಎರಚಾಟದ ನಡುವೆ ಕಾವಲುಗಾರರು ಅವನನ್ನು ಹೊರಗೊಯ್ದರು. ಮನೆಗೆ ಪೊಲೀಸ್ ಪಹರೆ ಹಾಕಬೇಕಾಯಿತು. ಅವನ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು. ಅದು ಅವನು ಬೇಡಿದ ಪ್ರಸಿದ್ಧಿಯಲ್ಲವಾದ್ದರಿಂದ ಇಲ್ಲಿ ಬರೆಯುತ್ತಿಲ್ಲ. ಆತ ಕ್ಷಮೆ ಕೋರಿ ಒಂದು ಹೇಳಿಕೆ ಕೊಟ್ಟು ಮರೆಗೆ ಸರಿದ. ಹೇಳಿಕೊಳ್ಳಲು ಲಕ್ಷಾಂತರ ಡಾಲರಿನ ಆಮಿಷ ಬಂದರೂ ಹೊರಬರಲಿಲ್ಲ. ಆ ಚೆಂಡನ್ನು ಮಾತ್ರ ಒಂದು ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಹರಾಜಿನಲ್ಲಿ ಕೊಂಡು, 2004ರಲ್ಲಿ ಎಲ್ಲರೆದುರು ಸಿಡಿಸಿ ಪುಡಿ ಮಾಡಿದರು!

2016ರ ನವೆಂಬರ್ 2ರಂದು, 108 ವರ್ಷಗಳ ಬಳಿಕ, ಕಬ್ಸ್ ಗೆದ್ದಿತು. ಪಂದ್ಯ ನಡೆದದ್ದು ಕ್ಲೀವ್‌ಲೆಂಡಿನಲ್ಲಿ. ಜನ ನೆರೆದದ್ದು ರಿಗ್ಲಿ ಫೀಲ್ಡಿನ ಹೊರಗೆ. ಕಾದೂ ಕಾದೂ ತೀರಿಕೊಂಡ ಅಜ್ಜ, ಅಪ್ಪ, ಅಮ್ಮಂದಿರ ಹೆಸರುಗಳನ್ನು ಮಕ್ಕಳು ಮೊಮ್ಮಕ್ಕಳು ಮೈದಾನದ ಇಟ್ಟಿಗೆ ಗೋಡೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದರು. ಕೈಗೆ ಎಟುಕುವಷ್ಟು ಎತ್ತರಕ್ಕೆಲ್ಲ ಹೆಸರುಗಳೇ.

ಮರುವರ್ಷದ ಜುಲೈನಲ್ಲಿ ಕಬ್ಸ್ ತಂಡದವರು 2003ರ ಆ ಪ್ರೇಕ್ಷಕನನ್ನು ಕರೆಸಿ, ಆಟಗಾರರಿಗೆ ಕೊಟ್ಟಂಥದೇ ವಿಜಯದ ಉಂಗುರ ಕೊಟ್ಟರು. ಆತ ಕ್ಯಾಮೆರಾಗಳೆದುರು ಬರಲಿಲ್ಲ. ಒಂದು ಹೇಳಿಕೆಯಲ್ಲಿ ಕೃತಜ್ಞತೆ ತಿಳಿಸಿದ. ಅವನು ಕುಳಿತಿದ್ದ ಎಂಟನೆಯ ಸಾಲಿನ 113ನೆಯ ಆಸನವನ್ನು ಹುಡುಕಿಕೊಂಡು ಬಂದು ಫೋಟೋ ತೆಗೆಸಿಕೊಳ್ಳುವವರಿದ್ದಾರೆ.