ಆಹಾರದ ಬಣ್ಣ: ಚಿಟಿಕೆಯ ಅಳತೆ ಸಾಲದು

ಗೋಬಿ ಮಂಚೂರಿಯ ಕೆಂಪು, ಬಾಂಬೆ ಮಿಠಾಯಿಯ ಗುಲಾಬಿ, ಕಬಾಬಿನ ಕಡುಗೆಂಪು- ಈ ಮೂರೂ 2024ರಲ್ಲಿ ಕರ್ನಾಟಕ ಸರ್ಕಾರದ ನಿಷೇಧಕ್ಕೆ ಗುರಿಯಾದವು. ಆ ವರ್ಷದ ಮಾರ್ಚ್‌ನಲ್ಲಿ ಪ್ರಕಟವಾದ ವರದಿಯಂತೆ 171 ಗೋಬಿ ಮಂಚೂರಿ ಮಾದರಿಗಳ ಪೈಕಿ 107ರಲ್ಲಿ, ಬಾಂಬೆ ಮಿಠಾಯಿಯ 25 ಮಾದರಿಗಳ ಪೈಕಿ 15ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಪತ್ತೆಯಾಗಿತ್ತು. ಜೂನ್‌ನಲ್ಲಿ ಕಬಾಬಿನ ಸರದಿ ಬಂತು. ಅಲ್ಲಿ 39 ಮಾದರಿಗಳಲ್ಲಿ 8 ಅಸುರಕ್ಷಿತವೆಂದು ತಿಳಿದುಬಂದಿತು.

ಈ ಪ್ರಕರಣಗಳಲ್ಲಿ ಎರಡು ಬೇರೆ ಬೇರೆ ತಪ್ಪುಗಳು ಒಂದೇ ಹೆಸರಿನಡಿ ಸೇರಿಹೋಗಿವೆ. ಬಾಂಬೆ ಮಿಠಾಯಿಯಲ್ಲಿ ದೊರೆತ ರೋಡಮೈನ್-ಬಿ ಆಹಾರದ ಬಣ್ಣವೇ ಅಲ್ಲ. ಬಟ್ಟೆ ಮತ್ತು ಕಾಗದಕ್ಕೆ ಹಾಕುವ ಅಗ್ಗದ ಬಣ್ಣ. ಮನುಷ್ಯರಲ್ಲಿ ಅದು ಕ್ಯಾನ್ಸರ್ ತರುತ್ತದೆಂಬುದಕ್ಕೆ ಸಾಕಷ್ಟು ಪುರಾವೆ ಇಲ್ಲವಾದರೂ, ತಿನ್ನಲು ಸುರಕ್ಷಿತವೆಂದು ಸಾಬೀತಾಗದ ವಸ್ತುವಿಗೆ ತಟ್ಟೆಯಲ್ಲಿ ಸ್ಥಾನವಿಲ್ಲ. ಸಿಹಿತಿಂಡಿ, ಬೇಳೆಗಳಿಗೆ ಬೆರೆಸುವ ಮೆಟಾನಿಲ್ ಹಳದಿ, ಮೆಣಸಿನ ಪುಡಿಗೆ ಸೇರಿಸುವ ಸುಡಾನ್ ಕೆಂಪು ಕೂಡ ಇದೇ ಗುಂಪಿನವು.

ಗೋಬಿ ಮಂಚೂರಿ ಮತ್ತು ಕಬಾಬಿನಲ್ಲಿ ಕಂಡುಬಂದ ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್‌ಗಳ ಕಥೆ ಬೇರೆ. ಭಾರತದ ಕಾನೂನು ಒಪ್ಪಿದ 8 ಕೃತಕ ಬಣ್ಣಗಳಲ್ಲಿ ಇವೂ ಇವೆ. ಟಾರ್ಟ್ರಜಿನ್, ಪಾನ್ಸೋ 4ಆರ್, ಎರಿತ್ರೋಸಿನ್, ಇಂಡಿಗೋ ಕಾರ್ಮೈನ್, ಬ್ರಿಲಿಯಂಟ್ ಬ್ಲೂ, ಫಾಸ್ಟ್ ಗ್ರೀನ್ ಉಳಿದವು. ಆದರೆ ಒಪ್ಪಿಗೆ ಇರುವುದು ಬಿಸ್ಕತ್ತು, ಐಸ್‌ಕ್ರೀಂ, ಮಿಠಾಯಿಯಂಥ ನಿಗದಿತ ತಿನಿಸುಗಳಿಗೆ ಮಾತ್ರ. ಪ್ರಮಾಣವೂ ಸಾಮಾನ್ಯವಾಗಿ ಕಿಲೋ ಆಹಾರಕ್ಕೆ 100 ಮಿಲಿಗ್ರಾಂ ಮೀರುವಂತಿಲ್ಲ.

ಅಂದರೆ 10 ಕಿಲೋ ತಿನಿಸಿಗೆ ಕೇವಲ ಒಂದು ಗ್ರಾಂ! ಅರ್ಧ ಕಿಲೋ ಕೇಸರಿಬಾತಿಗೆ 0.3 ಗ್ರಾಂನಷ್ಟು ಶುದ್ಧ ಬಣ್ಣ ಬಿದ್ದರೂ ಮಿತಿಯ ಆರು ಪಟ್ಟಾಗುತ್ತದೆ. ಅಂಗಡಿಯ ಪುಡಿಗಳಲ್ಲಿ ಹಲವು ಉಪ್ಪು ಮುಂತಾದವು ಬೆರೆತ ಮಿಶ್ರಣಗಳು, ಆದ್ದರಿಂದ ಅಷ್ಟು ತೀವ್ರವಲ್ಲ. ಆದರೆ ಎಷ್ಟು ಬೆರೆತಿದೆಯೆಂದು ಬಾಣಸಿಗನ ಕಣ್ಣಿಗೆ ಕಾಣುವುದಿಲ್ಲ. ಬಣ್ಣ ಗಾಢವಾಗುವವರೆಗೆ ಸುರಿಯುವುದು ಅಳತೆಯಲ್ಲ.

ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ತಜ್ಞ ಸಮಿತಿಯ ಪ್ರಕಾರ, ಸನ್‌ಸೆಟ್ ಯೆಲ್ಲೋವನ್ನು ಜೀವನಪರ್ಯಂತ ದಿನವೂ ದೇಹತೂಕದ ಪ್ರತಿ ಕಿಲೋಗೆ 4 ಮಿಲಿಗ್ರಾಂವರೆಗೆ ಸೇವಿಸಬಹುದು. 15 ಕಿಲೋ ತೂಗುವ ಮಗುವಿಗೆ ಇದು 60 ಮಿಲಿಗ್ರಾಂ. ನಿಯಮದಂತೆ ತಯಾರಿಸಿದ ಸಿಹಿಯಾದರೆ ಆ ಮಟ್ಟ ಮುಟ್ಟಲು 600 ಗ್ರಾಂ ತಿನ್ನಬೇಕು. ಆರು ಪಟ್ಟು ಬಣ್ಣ ಬಿದ್ದಿದ್ದರೆ 100 ಗ್ರಾಂ ಸಾಕು. ದೊಡ್ಡವರಿಗಿಂತ ಮಕ್ಕಳೇ ಬೇಗ ಮಿತಿ ದಾಟುವುದು ಹೀಗೆ.

ಒಪ್ಪಿಗೆ ಪಡೆದ ಬಣ್ಣಗಳೂ ವಿವಾದಾತೀತವಲ್ಲ. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ 2007ರ ಅಧ್ಯಯನವು ಕೆಲವು ಬಣ್ಣಗಳ ಮಿಶ್ರಣಕ್ಕೂ ಮಕ್ಕಳ ಅತಿಚಟುವಟಿಕೆಗೂ ನಂಟು ಕಂಡಿತು. ಬಣ್ಣದ ಜೊತೆ ಸಂರಕ್ಷಕವೂ ಇದ್ದುದರಿಂದ ಯಾವುದರ ಪಾತ್ರವೆಷ್ಟು ಎಂಬುದು ಖಚಿತವಾಗಲಿಲ್ಲ. ಆದರೂ ಯುರೋಪ್ ಒಕ್ಕೂಟ 2010ರಿಂದ ಅಂಥ ಆರು ಬಣ್ಣಗಳ ತಿನಿಸುಗಳಿಗೆ ಎಚ್ಚರಿಕೆಯ ಬರಹ ಕಡ್ಡಾಯಗೊಳಿಸಿತು. ಅಮೆರಿಕ 2025ರ ಜನವರಿಯಲ್ಲಿ ಎರಿತ್ರೋಸಿನ್‌ಗೆ ನೀಡಿದ್ದ ಅನುಮತಿಯನ್ನೇ ಹಿಂಪಡೆಯಿತು.

ಪೊಟ್ಟಣದ ತಿನಿಸಿನಲ್ಲಿ ಸಂಖ್ಯೆಗಳನ್ನು ನೋಡುವುದು ಸುಲಭ: 102 ಟಾರ್ಟ್ರಜಿನ್, 110 ಸನ್‌ಸೆಟ್ ಯೆಲ್ಲೋ, 122 ಕಾರ್ಮೋಸಿನ್. ಬಿಡಿಯಾಗಿ ಮಾರುವ, ಹೆಸರಿಲ್ಲದ ಬಣ್ಣದ ಪುಡಿಯನ್ನು ಕೊಳ್ಳದಿರುವುದೇ ಲೇಸು.

ಮನೆಯಡುಗೆಗೆ ಕೇಸರಿ, ಬೀಟ್‌ರೂಟ್, ಅರಿಸಿನ ಸಾಕು. ಕೆಂಪು ಬೇಕಾದವರಿಗೆ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯೇ ಇದೆ. ಖಾರ ಕಡಿಮೆ, ಬಣ್ಣ ಹೆಚ್ಚು. ಅದರ ಸತ್ವವನ್ನು ಕೈಗಾರಿಕೆಗಳೂ ಬಣ್ಣಕ್ಕೆಂದೇ ಬಳಸುತ್ತವೆ. ಹಾಗೆಂದು ನೈಸರ್ಗಿಕವೆಂಬ ಹೆಸರನ್ನೂ ಕಣ್ಣುಮುಚ್ಚಿ ನಂಬಲಾಗದು. ಅರಿಸಿನ ಪುಡಿಗೆ ಹೊಳಪು ಕೊಡಲು ಸೀಸದ ಕ್ರೋಮೇಟ್ ಬೆರೆಸಿದ ಪ್ರಕರಣಗಳಿವೆ. ಸಂದೇಹವಿದ್ದವರು ಅರಿಸಿನ ಕೊಂಬು ತಂದು ಪುಡಿ ಮಾಡಿಸಿಕೊಳ್ಳಬಹುದು. ಆದರೆ ಕೊಂಬು ವಿಪರೀತ ಹೊಳೆಯುತ್ತಿದ್ದರೆ ಅದನ್ನೂ ಬಿಡಬೇಕು, ಏಕೆಂದರೆ ಹೊಳಪಿನ ಬಣ್ಣವನ್ನು ಕೊಂಬಿಗೇ ಬಳಿಯುವುದುಂಟು.