ಸಿಮೆಂಟ್ ಚೀಲದೊಳಗಿನ ಲೆಕ್ಕ

ಕಮಲಾಪುರದ ಕೆಂಪು ಬಾಳೆ ಹಲವು ರೈತರ ತೋಟಗಳಿಂದ ಕಲಬುರಗಿ ಪೇಟೆಗೆ ಬರುತ್ತದೆ. ಒಬ್ಬನೇ ವ್ಯಾಪಾರಿ ಆ ತೋಟಗಳನ್ನೆಲ್ಲ ಕೊಂಡರೆ ಅವನ ವಹಿವಾಟು ಹಿಗ್ಗುತ್ತದೆ. ಒಂದು ಗೊನೆಯೂ ಹೆಚ್ಚು ಬೆಳೆದಿರುವುದಿಲ್ಲ.

ಸಿಮೆಂಟ್ ಉದ್ಯಮದಲ್ಲೂ ಇಂಥದೇ ಕೊಳ್ಳುವಿಕೆ ನಡೆದಿದೆ. 1936ರಲ್ಲಿ ಹಲವು ಕಂಪನಿಗಳು ಕೂಡಿ ಎ.ಸಿ.ಸಿ. ಹುಟ್ಟಿತು, ವಾಡಿಯಲ್ಲಿ ಕಾರ್ಖಾನೆ ಕಟ್ಟಿದ ಆ ಕಂಪನಿ 2022ರಲ್ಲಿ ಅದಾನಿ ಸಮೂಹದ ಪಾಲಾಯಿತು. ಸೇಡಂನ ವಾಸವದತ್ತಾ ಕಾರ್ಖಾನೆ 2025ರಲ್ಲಿ ಅಲ್ಟ್ರಾಟೆಕ್ ಸೇರಿತು.

ಇಂಥ ಕಂಪನಿಯ ಷೇರು ಕೊಳ್ಳುವ ಮುನ್ನ ಒಂದು ಭಾಗಾಕಾರ ಮಾಡಬೇಕು. ಉದಾಹರಣೆಗೆ, ಲಾಭ 100 ಕೋಟಿ ರೂಪಾಯಿಯಿಂದ 150 ಕೋಟಿಗೆ, ಷೇರುಗಳ ಸಂಖ್ಯೆ 10 ಕೋಟಿಯಿಂದ 20 ಕೋಟಿಗೆ ಏರಿದರೆ, ಪ್ರತಿ ಷೇರಿನ ಲಾಭ 10 ರೂಪಾಯಿಯಿಂದ ಏಳೂವರೆಗೆ ಇಳಿಯುತ್ತದೆ. ಸಾಲ ಮಾಡಿ ಕೊಂಡರೆ ಷೇರು ಹೆಚ್ಚುವುದಿಲ್ಲ, ಆದರೆ ಬಡ್ಡಿ ಲಾಭವನ್ನು ತಿನ್ನುತ್ತದೆ. ಮಕ್ಕಳ ಓದಿಗೆಂದು ಕೂಡಿಟ್ಟ ಹಣ ತೊಡಗಿಸುವ ಪಾಲಕರು ವಾರ್ಷಿಕ ವರದಿಯಲ್ಲಿ ಮೊದಲು ಈ ಭಾಗಲಬ್ಧವನ್ನು ಹುಡುಕಲಿ. ಭಾಗಾಕಾರ ಮಕ್ಕಳಿಗೂ ಬರುತ್ತದೆ.