ಗಾಜಿನ ತೊಟ್ಟಿಯೊಳಗಿನ ಕಡಲು

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಗೃಹಸ್ಥರಿಗೆ ಕಡಲು ನೆರೆಮನೆಯಿದ್ದಂತೆ. ಉಪ್ಪುನೀರಿನ ಬಣ್ಣದ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕಿ ಮಕ್ಕಳಿಗೆ ತೋರಿಸಬೇಕೆಂಬ ಆಸೆ ಇಲ್ಲಿಯವರಿಗೆ ಹುಟ್ಟಿದರೆ ಆಶ್ಚರ್ಯವಿಲ್ಲ. ಆದರೆ ಕಡಲಿನ ನೀರನ್ನು ತುಂಬಿದ ಮಾತ್ರಕ್ಕೆ ತೊಟ್ಟಿಯು ಕಡಲಾಗದು. ನೀರು ಕನ್ನಡಿಯಂತೆ ತಿಳಿಯಾಗಿರುವಾಗಲೇ ಮೀನುಗಳು ಕೆಲವು ದಿನಗಳಲ್ಲಿ ಸತ್ತುಹೋಗುವುದುಂಟು. ಇದರ ಕಾರಣವನ್ನರಿಯದೆ ಆ ಜೀವಗಳನ್ನು ಮನೆಗೆ ತರಬಾರದೆಂದು ನಮ್ಮ ಅಭಿಪ್ರಾಯ.

ಮೀನಿನ ಕಿವಿರುಗಳಿಂದಲೂ, ಕೊಳೆಯುವ ಮಲದಿಂದಲೂ, ತಿಂದುಳಿದ ಆಹಾರದಿಂದಲೂ ಅಮೋನಿಯಾ ಎಂಬ ವಿಷವು ನೀರಿಗೆ ಸೇರುತ್ತದೆ. ಅದು ಕಣ್ಣಿಗೆ ಕಾಣದು. ಬಟ್ಟೆಯಲ್ಲಿ ಸೋಸಿದರೆ ಹೋಗದು. ಅಪಾರವಾದ ಕಡಲಿನಲ್ಲಿ ಅದು ಲೆಕ್ಕಕ್ಕಿಲ್ಲ. ನೂರು ಲೀಟರಿನ ತೊಟ್ಟಿಯಲ್ಲಿಯಾದರೋ ಪ್ರಾಣಾಂತಿಕ. ಮರಳು ಕಲ್ಲುಗಳ ಮೇಲೆ ನೆಲಸುವ ಸೂಕ್ಷ್ಮಜೀವಿಗಳೇ ಇದನ್ನು ನಿವಾರಿಸತಕ್ಕವು. ಕೆಲವು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಮತ್ತೆ ಕೆಲವು ಅದನ್ನು ಅಷ್ಟು ಅಪಾಯಕರವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಲದ ಮಣ್ಣಿನಲ್ಲಿಯೂ ನಡೆಯುವ ಈ ಕ್ರಿಯೆಯನ್ನು ವಿನೋಗ್ರಾಡ್‌ಸ್ಕಿ ಎಂಬ ವಿಜ್ಞಾನಿಯು 1890ರ ಸುಮಾರಿಗೆ ವಿಶದಪಡಿಸಿದನು.

ಆದುದರಿಂದ ಫಿಲ್ಟರ್ ಎಂಬುದು ಬರಿಯ ಜರಡಿಯಲ್ಲ, ಈ ಜೀವಿಗಳ ಬೀಡು. ಸ್ಪಂಜು ಕಸವನ್ನು ತಡೆಯುತ್ತದೆ; ಸಣ್ಣ ರಂಧ್ರಗಳುಳ್ಳ ಕಲ್ಲು ಜೀವಿಗಳಿಗೆ ಆಶ್ರಯವಾಗುತ್ತದೆ; ತೆಂಗಿನ ಚಿಪ್ಪಿನ ಸಂಸ್ಕರಿಸಿದ ಇದ್ದಿಲು ಬಣ್ಣವನ್ನೂ ವಾಸನೆಯನ್ನೂ ಹೀರುತ್ತದೆ. ನೊರೆ ತೆಗೆಯುವ ಉಪಕರಣವೊಂದೂ ಉಂಟು. ಅಲೆಯೊಡೆದಾಗ ದಡದಲ್ಲಿ ನೊರೆ ನಿಲ್ಲುವಂತೆಯೇ, ಅದರೊಳಗಿನ ಗಾಳಿಗುಳ್ಳೆಗಳು ನೀರಿನ ಕಲ್ಮಷವನ್ನು ಕೊಳೆಯುವ ಮೊದಲೇ ಮೇಲಕ್ಕೆತ್ತುತ್ತವೆ.

ಈ ಜೀವಿಗಳು ನೆಲೆಯೂರಲು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಮೀನನ್ನು ಬಿಡದೆ, ಸಿಗಡಿಯ ಚೂರೊಂದನ್ನು ಹಾಕಿಟ್ಟು, ಅಮೋನಿಯಾ, ನೈಟ್ರೈಟ್‌ಗಳು ಏರಿ ಮತ್ತೆ ಶೂನ್ಯಕ್ಕಿಳಿಯುವುದನ್ನು ಪರೀಕ್ಷಿಸಿ ನೋಡತಕ್ಕದ್ದು. ಸ್ಪಂಜು ಕೊಳೆಯಾದರೆ ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದನ್ನು ಅಲುಬಬೇಕು. ಕ್ಲೋರಿನ್ ಬೆರೆತ ನಲ್ಲಿಯ ನೀರಿನಲ್ಲಿ ತಿಕ್ಕಿ ತೊಳೆದರೆ ತಿಂಗಳ ಶ್ರಮವು ಕ್ಷಣದಲ್ಲಿ ಹಾಳಾಗುವುದು. ಉಳಿಯುವ ನೈಟ್ರೇಟನ್ನು ತಗ್ಗಿಸಲು ತಿಂಗಳಿಗೊಮ್ಮೆ ಐದರಲ್ಲೊಂದು ಪಾಲು ನೀರನ್ನು ಬದಲಿಸಿದರೆ ಸಾಕು.

ಎಲ್ಲಿಯ ನೀರು? ಪಂಚಗಂಗಾವಳಿಯು ಕಡಲು ಸೇರುವ ಗಂಗೊಳ್ಳಿಯ ಅಳಿವೆಯದಾಗಲಿ, ಸೀತಾ ಸ್ವರ್ಣಾ ನದಿಗಳು ಕೂಡುವ ಕೋಡಿ ಬೆಂಗ್ರೆಯದಾಗಲಿ ತಕ್ಕುದಲ್ಲ. ಮಳೆಗಾಲದಲ್ಲಿ ಅಲ್ಲಿ ಸಿಹಿನೀರೇ ಹೆಚ್ಚು. ಬೇಸಗೆಯಲ್ಲಿ, ಅಳಿವೆಯಿಂದಲೂ ಬಂದರಿನಿಂದಲೂ ದೂರವಾದ ತೆರೆದ ಕಡಲಿನಿಂದ ತಂದು, ಸೋಸಿ, ಮುಚ್ಚಿ ಕತ್ತಲೆಯಲ್ಲಿಟ್ಟು ಬಳಸಬಹುದು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರಬೇಕು. ನೀರು ಆವಿಯಾದರೂ ಉಪ್ಪು ಹೋಗದು. ಆದುದರಿಂದ ಕಡಮೆಯಾದಷ್ಟನ್ನು ಶುದ್ಧವಾದ ಸಿಹಿನೀರಿನಿಂದಲೇ ತುಂಬತಕ್ಕದ್ದು.

ಇನ್ನು ನಮ್ಮ ಕರಾವಳಿಯ ವಿಶೇಷ ಆತಂಕವೊಂದುಂಟು. ಆಷಾಢದ ಗಾಳಿಮಳೆಗೆ ವಿದ್ಯುತ್ತು ನಿಂತರೆ ಫಿಲ್ಟರಿನ ಜೀವಿಗಳಿಗೂ ಮೀನುಗಳಿಗೂ ಆಮ್ಲಜನಕವು ಕಡಮೆಯಾಗುತ್ತದೆ. ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪೊಂದನ್ನು ಮಳೆಗಾಲಕ್ಕೆ ಮೊದಲೇ ಒದಗಿಸಿಟ್ಟಿರಬೇಕು.

ಕೊನೆಯದಾಗಿ, ಅಂದಕ್ಕೆಂದು ಕಡಲಿನ ಹವಳವನ್ನಾಗಲಿ ಕಡಲಕುದುರೆಯನ್ನಾಗಲಿ ತರಬೇಡಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅದು ಅಪರಾಧ. ಒಂದೆರಡು ತಿಂಗಳು ಬರಿಯ ನೀರನ್ನು ನೋಡುತ್ತ ಕಾಯುವ ತಾಳ್ಮೆಯುಳ್ಳವರು ಮಾತ್ರ ಈ ಕಾರ್ಯಕ್ಕೆ ಕೈಹಾಕಲಿ. ಉಳಿದವರ ಮಕ್ಕಳಿಗೆ ಮರವಂತೆಯ ಕಡಲಿದ್ದೇ ಇದೆ.